ದೊರೆ ಬಂಗ್ಲೆ ಮ್ಯೂಸಿಯಂ: ಮುಂಬಾಗ್ಲಿಂದ ಹೋಗ್ಬೇಡಿ, ಹಿಂದಿಂದ ಹೋಗಿ

ಹೋದ್ ಭಾನುವಾರ ಅಮ್ಮನ್ನ ಕರ್ಕೊಂಡು ಕೊಡಗಿನ ಸುಂಟಿಕೊಪ್ಪದ ಕಡೆ ಒಂದು ಹಳೇ ಕಾಫಿ ತೋಟದ ಬಂಗ್ಲೆಗೆ ಹೋಗಿದ್ದೆ, ಬ್ರಿಟಿಷ್ ದೊರೆಗಳ ಕಾಲದಲ್ಲಿ ಹೆಂಗಿತ್ತೋ ಹಂಗೇ ತೋರಿಸ್ತೀವಿ ಅಂತ ಈಗ ಅದನ್ನ ಮ್ಯೂಸಿಯಂ ಮಾಡಿದಾರೆ, ತಲೆಗೆ 300 ರೂಪಾಯಿ, ಕಾಫಿ ಸೇರಿ. ಹೆಸ್ರು ಹಾಕಲ್ಲ, ಬೈಯೋದೂ ಸ್ವಲ್ಪ ಇದೆ.

ಊಟದ ಹಾಲಲ್ಲಿ ಹಗ್ಗ ಎಳೆಯೋ ಪಂಖಾ ನೇತಾಕಿದಾರೆ, ಅದೇ ರೂಮಲ್ಲಿ ಚಳಿ ಕಾಯಿಸೋ ಬೆಂಕಿಗೂಡು! ಡಿಸೆಂಬರಲ್ಲಿ ಕಂಬಳಿ ಬಿಟ್ಟು ಏಳಕ್ಕಾಗ್ದಿರೋ ಊರಲ್ಲಿ ಯಾವ ದೊರೆ ಗಾಳಿ ಬೀಸಿಸ್ಕೊಂಡ್ನೋ. ಪೇಟ ಸುತ್ತಿರೋ ಬಟ್ಲರ್ ಹುಡುಗ ಮಾತಿಗೊಂದು ಸಲಾಂ ಹೊಡೀತಾನೆ, ಪಾಪ ಅವನಿಗೂ ಮುಜುಗರ ನಮಗೂ ಮುಜುಗರ. ಗೈಡು 1834ರಲ್ಲಿ ಚಿಕ್ಕವೀರರಾಜನ್ನ ಇಳಿಸಿ ಕಂಪನಿಯವರು ಕೊಡಗು ತಗೊಂಡಿದ್ದು, 1854ರಲ್ಲಿ ಫೌಲರ್ ಅನ್ನೋನು ಮಡಿಕೇರಿ ಹತ್ರ ಯುರೋಪಿಯನ್ನರ ಮೊದಲ ತೋಟ ಮಾಡಿದ್ದು ಎಲ್ಲ ಬಾಯಿಪಾಠ ಒಪ್ಪಿಸ್ದ, ಸರಿ, ಆದ್ರೆ ಆಮೇಲೆ ಕಾಡು ಕಡಿದು ಬಿಸಿಲಿಗೆ ಬಿಟ್ಟ ಗಿಡಕ್ಕೆ ಬೋರರ್ ಅನ್ನೋ ಕಾಂಡ ಕೊರೆಯೋ ಹುಳ ಬಿದ್ದು ಎಷ್ಟೋ ದೊರೆಗಳು ಕೈ ಸುಟ್ಕೊಂಡಿದ್ದು, ನೆರಳು ಮರ ಬೇಕು ಅಂತ ಆಮೇಲೆ ಬುದ್ಧಿ ಬಂದಿದ್ದು ಹೇಳ್ಲೇ ಇಲ್ಲ.

ಹಿತ್ಲಿಗೆ ಬಂದ್ಮೇಲೆ ದುಡ್ಡು ವಸೂಲ್. ಕೈಲಿ ತಿರುಗಿಸೋ ಹಳೇ ಪಲ್ಪರ್, ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್ನು, ಇನ್ನೂ ಓಡುತ್ತೆ, ಅರೇಬಿಕಾ ಹಣ್ಣು ಸುರಿದು ನಮ್ ಕೈಲೇ ತಿರುಗಿಸ್ತಾರೆ, ಸಿಪ್ಪೆ ಒಂದ್ ಕಡೆ ಬೀಜ ಒಂದ್ ಕಡೆ, ಕೈಗೆಲ್ಲ ಲೋಳೆ, ಸಂಜೆವರೆಗೂ ಆ ಸಿಹಿ ಹುಳಿ ವಾಸ್ನೆ ಹೋಗಲ್ಲ. ಅದರಾಚೆ ತೋಟದ ಕೂಲಿಯವ್ರು ಇರ್ತಿದ್ದ ಒಂದು ಲೈನ್ ಮನೆ ಉಳಿಸ್ಕೊಂಡಿದಾರೆ, ಒಂದೇ ರೂಮು, ಗೋಡೆ ತುಂಬ ಮಸಿ. ಕೂಲಿಯವ್ರು ಕೊಯ್ದ ಹಣ್ಣು ಅಳೆಯೋ ಪೆಟ್ಟಿಗೆ ಅಲ್ಲೇ ಇತ್ತು. ನಮ್ಮಜ್ಜ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ರು, ಹಂಗಾಗಿ ಅಮ್ಮ ಪೆಟ್ಟಿಗೆ ನೋಡಿದ್ದೇ ಶುರು ಮಾಡಿದ್ರು. "ಮೇಸ್ತ್ರಿ ಇದನ್ನ ಕುಲುಕಿ ಕುಲುಕಿ ತುಂಬಿಸ್ತಿದ್ದ ಕಣಪ್ಪ, ಕುಲುಕಿದಷ್ಟೂ ಹಣ್ಣು ಕೆಳಗೆ ಕೂರುತ್ತೆ, ಮೇಲೆ ಇನ್ನೆರಡು ಬೊಗಸೆ ಹಾಕ್ಬೇಕು, ಲೆಕ್ಕಕ್ಕೆ ಮಾತ್ರ ಒಂದೇ ಪೆಟ್ಟಿಗೆ. ಅಪ್ಪ ಬರ್ಕೊಂಡು ಸುಮ್ನಿರ್ತಿದ್ರು." ಅಜ್ಜನ ಬಗ್ಗೆ ಅಮ್ಮ ಹಂಗೆ ಹೇಳಿದ್ದು ನಾನು ಇದುವರೆಗೂ ಕೇಳಿರ್ಲಿಲ್ಲ.

ಗೈಡ್ ಹುಡುಗ ಬಾಯಿಪಾಠ ನಿಲ್ಸಿ, "ಆಂಟಿ, ಒಂದ್ಸಲ ಕುಲುಕಿ ತೋರಿಸ್ತೀರಾ" ಅಂತ ಪೆಟ್ಟಿಗೆ ತಂದುಕೊಟ್ಟ. ಅಲ್ಲಿಗೆ ಹಿಂದಿನ ಗುಂಪಿನವ್ರೂ ಬಂದು ನಿಂತ್ರು.

ಹೋಗೋದಾದ್ರೆ ಕುಯ್ಲು ಟೈಮಲ್ಲೇ ಹೋಗಿ, ಹಣ್ಣಿಲ್ದೆ ಪಲ್ಪರ್ ತಿರುಗಿಸಿ ಏನ್ ನೋಡ್ತೀರ. ಕಾಫಿ ಪಿಂಗಾಣಿ ಕಪ್ಪಲ್ಲಿ ಕೊಡ್ತಾರೆ, ಚೆನ್ನಾಗಿಲ್ಲ, ಗೇಟ್ ಹೊರಗಿನ ಗೂಡಂಗಡೀಲಿ ಬೆಲ್ಲದ ಕಾಫಿ ಸಿಗುತ್ತೆ.