ಮಣ್ಣೋ ಮರವೋ: ಆಫೀಸ್ ಮುಗಿದ ಮೇಲೆ ಯಾವ ಕೆಲಸ ಕಲಿಯೋದು?

ಬೆಂಗಳೂರಿನಲ್ಲಿ ಕುಂಬಾರಿಕೆ, ಮರಗೆಲಸ ಎರಡಕ್ಕೂ ಹೆಸರಾದ ಜಾಗ ಇದೆ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ಕುಂಬಾರರು ತಲೆಮಾರುಗಳಿಂದ ಇದ್ದಾರೆ. ಮರಕ್ಕೆ ಮೈಸೂರು ರಸ್ತೆ ಕಡೆಯ ಟಿಂಬರ್ ಯಾರ್ಡ್ ಲೇಔಟ್.

ಮಣ್ಣಿನಲ್ಲಿ ತಪ್ಪಿದರೆ ನಷ್ಟ ಕಡಿಮೆ. ಸುಡುವ ತನಕ ಎಷ್ಟು ಸಲ ಬೇಕಾದರೂ ನೆನೆಸಿ, ನಾದಿ, ಮತ್ತೆ ಶುರು ಮಾಡಬಹುದು. ಆದರೆ ಮಣ್ಣಿನ ಮುದ್ದೆ ತಿಗರಿಯ (ಕುಂಬಾರರ ತಿರುಗುವ ಚಕ್ರ) ನಡುವೆ ಅಲ್ಲಾಡದೆ ನಿಲ್ಲಬೇಕು. ಅದೊಂದಕ್ಕೇ ವಾರಗಟ್ಟಲೆ ಹಿಡಿಯಬಹುದು. ಸುಮ್ನೆ ವಿಡಿಯೋ ನೋಡಿದರೆ ಬರಲ್ಲ, ಎಷ್ಟು ಒತ್ತಬೇಕು ಅಂತ ಕೈ ಹಿಡಿದು ತೋರಿಸುವವರು ಬೇಕು. ಮಳೆಗಾಲದಲ್ಲಿ ಒಣಗೋದು ತಡ. ಹಸಿ ಇರುವಾಗಲೇ ಸುಟ್ಟರೆ ಒಳಗಿನ ನೀರು ಆವಿಯಾಗಿ ಮಡಕೆ ಸಿಡಿಯುತ್ತದೆ. ಸ್ಟುಡಿಯೋದಲ್ಲಿ ಮಡಕೆ ಸುಡುವ ಗೂಡು ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಫ್ಲ್ಯಾಟ್‌ನಲ್ಲಿ ಆಗೋ ಮಾತಾ?

ಮರ ಹಾಗಲ್ಲ. ಗರಗಸ, ಉಳಿ, ಸುತ್ತಿಗೆ ಇದ್ದರೆ ಬಾಲ್ಕನಿಯಲ್ಲೇ ಶುರು. ಕೊನೆಗೆ ಕೂರೋಕೆ ಒಂದು ಸ್ಟೂಲಾದರೂ ಸಿಗುತ್ತದೆ. ಆದರೆ ಕೊಯ್ದಿದ್ದು ಕೊಯ್ದಂಗೆ, ಮತ್ತೆ ಕೂಡಲ್ಲ. ಸದ್ದು, ಧೂಳು ಬೇರೆ. ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ.

ಅಳತೆ, ಲೆಕ್ಕ ಇಷ್ಟವಾದರೆ ಮರ. ದಿನವಿಡೀ ಸ್ಕ್ರೀನ್ ನೋಡಿ ಸುಸ್ತಾದವರಿಗೆ ನನ್ನ ಓಟು ಮಣ್ಣಿಗೆ, ಕ್ಲಾಸು ಮನೆ ಹತ್ತಿರ ಇದ್ದರೆ ಮಾತ್ರ. ಸಂಜೆ ಟ್ರಾಫಿಕ್ಕಿನಲ್ಲಿ ಊರು ದಾಟಿ ಹೋಗುವವರು ಎರಡನೇ ತಿಂಗಳಿಗೇ ಬಿಡುತ್ತಾರೆ, ಅಲ್ವಾ?