ಮಳೆಗಾಲದ ದುಡಿಮೆ: ಆಟೋ ಓಡಿಸುವುದೋ, ಅಡಿಕೆಗೆ ಮದ್ದು ಬಿಡುವುದೋ?

ಪತ್ತನಾಜೆಗೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದರೆ ಹೆಚ್ಚಿನ ಯಕ್ಷಗಾನ ಕಲಾವಿದರಿಗೆ ದೀಪಾವಳಿಯ ತನಕ ಮೇಳವಿಲ್ಲ. ಸಾಲದ ಆಟೋ ತೆಗೆದರೆ ಕಂತು ಮಾತ್ರ 12 ತಿಂಗಳೂ ಕಟ್ಟಬೇಕು. ತಿರುಗಾಟದಲ್ಲಿ ರಾತ್ರಿಯಿಡೀ ವೇಷ ಮಾಡಿ ಬೆಳಗ್ಗೆ ಬಾಡಿಗೆಗೆ ಹೋಗುವುದು ಜೀವಕ್ಕೇ ಅಪಾಯ.

ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಮೇಳವಿಲ್ಲದ ತಿಂಗಳುಗಳಲ್ಲೇ ಸಿಗುತ್ತದೆ: ಮುಂಗಾರಿಗೆ ಮುನ್ನ ಒಮ್ಮೆ, 40–45 ದಿನಕ್ಕೆ ಮತ್ತೊಮ್ಮೆ. 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಕಲಸಿ ಬೆರೆಸಿ, ಅಂದೇ ಮುಗಿಸಬೇಕು. ಹೊಳೆಯುವ ಕತ್ತಿ ಅದ್ದಿದಾಗ ಅಲಗು ಕೆಂಪಾದರೆ ಸುಣ್ಣ ಸಾಲದು. ಹಾಗೇ ಬಿಟ್ಟರೆ ಎಳೆಕಾಯಿ ಸುಡುತ್ತದೆ. ಮರ ಹತ್ತಲೇಬೇಡಿ, ಜಾರಿದರೆ ಮಂಡಿಯ ಜೊತೆ ಕುಣಿತವೂ ಹೋಯಿತು. ನೆಲದಿಂದಲೇ ಕಾರ್ಬನ್ ಫೈಬರ್ ದೋಟಿ (ಮದ್ದು ಬಿಡುವ ಉದ್ದ ಕೋಲು) ಹಿಡಿಯಿರಿ. ಕುತ್ತಿಗೆ ನೋಯುತ್ತದೆ, ಅಷ್ಟೇ.

ವೇಷಧಾರಿಗೆ ಮದ್ದಿನ ಕೆಲಸವೇ ಮೇಲು. ಹಾಡುವ ಭಾಗವತರಿಗೆ ಮಾತ್ರ ಆಟೋ: ಮದ್ದಿನ ತುಂತುರು ಗಂಟಲು ಹಿಡಿಯುತ್ತದೆ.