ಅಡುಗೆಮನೆ ಒಡೆಸ್ತಿದ್ದೀರಾ? ಮೊದಲು ಯುಟಿಲಿಟಿ ಉಳಿಸಿಕೊಳ್ಳಿ

ಬೆಂಗಳೂರಲ್ಲಿ ಹಳೇ ಫ್ಲಾಟ್ ಇಟ್ಟುಕೊಂಡು ಮಾಡ್ಯುಲರ್ ಕಿಚನ್‌ಗೆ ಕೊಟೇಶನ್ ತಗೊಳ್ತಾ ಇರುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ಪ್ಲೈವುಡ್ಡು, ಲ್ಯಾಮಿನೇಟು, ಡ್ರಾಯರ್ ಚಾನಲ್ಲು ಇವುಗಳ ಬಗ್ಗೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಕೆಲಸ ನಡೆಯುವಾಗ ಮನೆಮಂದಿ ಏನು ತಿನ್ನಬೇಕು ಅಂತ ಮಾತ್ರ ಯಾರೂ ಹೇಳಲ್ಲ. ನಮ್ಮ ಮನೆಯಲ್ಲಿ ಮೂರು ಜನ ಹಾಸಿಗೆ ಹಿಡಿದದ್ದು ಅದರಿಂದಲೇ.

ಕಂಟ್ರಾಕ್ಟರ್ ಹೇಳಿದ್ದು "ಹದಿನೈದು ದಿನ ಮೇಡಂ, ಅಷ್ಟೇ" ಅಂತ. ಗ್ರಾನೈಟ್ ಬಂದಾಗ ಪ್ಲಂಬರ್ ಊರಿಗೆ ಹೋಗಿದ್ದ, ಪ್ಲಂಬರ್ ಬಂದಾಗ ಕಾರ್ಪೆಂಟರ್ ಫೋನ್ ಎತ್ತಲಿಲ್ಲ. ಇದು ಎಲ್ಲರ ಮನೆ ಕಥೆ, ಬಿಡಿ. ನನ್ನ ತಕರಾರು ಬೇರೆ. ಮೊದಲ ದಿನವೇ ಕಂಟ್ರಾಕ್ಟರ್ ಹುಡುಗರು ಯುಟಿಲಿಟಿ (ಅಡುಗೆಮನೆ ಪಕ್ಕದ ಪಾತ್ರೆ, ಬಟ್ಟೆ ತೊಳೆಯೋ ಜಾಗ) ತುಂಬ ಸಿಮೆಂಟ್ ಮೂಟೆ ಪೇರಿಸಿ, ಟೈಲ್ಸ್ ಕತ್ತರಿಸುವ ಮೆಷಿನ್ ಅಲ್ಲೇ ಇಟ್ಟುಬಿಟ್ಟರು. ಅಡುಗೆಮನೆ ಬಿಟ್ಟರೆ ನಲ್ಲಿ, ನೀರು ಹೋಗೋ ದಾರಿ, ವಾಷಿಂಗ್ ಮೆಷಿನ್ನಿನ 16 ಆಂಪಿಯರ್ ಪಾಯಿಂಟ್ ಮೂರೂ ಒಂದೇ ಕಡೆ ಇರುವ ಜಾಗ ಅದೊಂದೇ. ಕೇಳಿದ್ದಕ್ಕೆ, "ಬೇರೆ ಎಲ್ಲಿ ಇಡೋದು ಮೇಡಂ?"

ಬದಲಿಗೆ ಅವನ ಎಲೆಕ್ಟ್ರಿಷಿಯನ್ ಬೆಡ್‌ರೂಮಿಗೆ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದುಕೊಟ್ಟ. ಇಂಡಕ್ಷನ್ ಇಲ್ಲೇ ಇಟ್ಕೊಳ್ಳಿ, ಏನೂ ಆಗಲ್ಲ ಅಂದ. ಕುಕ್ಕರ್ ಎರಡನೇ ಸಲ ಕೂಗುವ ಹೊತ್ತಿಗೆ ರೂಮೆಲ್ಲ ಮೀನು ಸುಟ್ಟಂಥ ನಾತ. ಪ್ಲಗ್ ಕಿತ್ತು ನೋಡಿದರೆ ಪಿನ್ನು ಕಂದುಬಣ್ಣಕ್ಕೆ ತಿರುಗಿತ್ತು, ಬಾಕ್ಸಿನ ತೂತು ಕರಗಿ ಓರೆಯಾಗಿತ್ತು. 2000 ವಾಟಿನ ಇಂಡಕ್ಷನ್ 230 ವೋಲ್ಟಿನಲ್ಲಿ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತೆ. ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ ಇರೋದು 6 ಆಂಪಿಯರ್‌ಗೆ. ದಿನಾ ವೈರ್ ಎಳೆಯುವವನಿಗೆ ಇಷ್ಟು ಗೊತ್ತಿರಲ್ವಾ? ಸಿಲಿಂಡರನ್ನೇ ಬೆಡ್‌ರೂಮಿಗೆ ತಂದುಬಿಡಿ ಅಂತಲೂ ಹೇಳಿದ ಪುಣ್ಯಾತ್ಮ. ತರಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ನಿಂತಿರುತ್ತೆ.

ಹಾಗಾಗಿ ಹತ್ತಿರದ ಮೆಸ್ಸಿಗೆ ಹೇಳಿದೆವು. ಮನೆ ಊಟ, ಕಡಿಮೆ ಎಣ್ಣೆ ಅಂತೆಲ್ಲ ಬೋರ್ಡು. ಬೆಳಗ್ಗೆ ಹನ್ನೊಂದಕ್ಕೆ ಕ್ಯಾರಿಯರ್ ಬರುತ್ತೆ, ಮಧ್ಯಾಹ್ನಕ್ಕೂ ರಾತ್ರಿಗೂ ಅದೇ. "ಎರಡು ಹೊತ್ತಿಗೂ ಆಗುತ್ತೆ ಅಮ್ಮಾ, ರಾತ್ರಿ ಸ್ವಲ್ಪ ಬಿಸಿ ಮಾಡ್ಕೊಳ್ಳಿ" ಅಂತ ಅವರೇ ಹೇಳಿದ್ದು. ಹುಳಿಯಲ್ಲಿ ಬೆಲ್ಲ ಎಷ್ಟಿತ್ತು ಅಂದರೆ ಸಕ್ಕರೆ ಕಾಯಿಲೆ ಇರುವ ಮಾವ ಒಂದೇ ತುತ್ತಿಗೆ ಬದಿಗಿಟ್ಟು ಮೊಸರಿಗೆ ಹೋಗುತ್ತಿದ್ದರು. ಅದನ್ನೂ ಸಹಿಸಿಕೊಂಡೆವು. ಒಂದು ರಾತ್ರಿ ಅನ್ನ ಚೆನ್ನಾಗಿ ಹೊಗೆಯಾಡುವಷ್ಟು ಬಿಸಿ ಮಾಡಿಯೇ ಬಡಿಸಿದ್ದು, ಹಳಸಿದ ವಾಸನೆ ಚೂರೂ ಇರಲಿಲ್ಲ. ನಡುರಾತ್ರಿ ಅತ್ತೆಗೆ ವಾಂತಿ ಶುರುವಾಯ್ತು, ಹಿಂದೆಯೇ ಮಗಳಿಗೆ, ಆಮೇಲೆ ನನಗೆ. ಆ ರಾತ್ರಿ ಅನ್ನ ತಿನ್ನದ ಮಾವ ಒಬ್ಬರೇ ನೆಟ್ಟಗಿದ್ದು ಎಲ್ಲರಿಗೂ ಓಆರ್‌ಎಸ್ ಕಲಸಿಕೊಟ್ಟರು.

ಡಾಕ್ಟರ್ ಮೊದಲು ಕೇಳಿದ್ದೇ ಅನ್ನದ ವಿಷಯ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆಯಂತೆ. ಅಕ್ಕಿಯಲ್ಲಿರುವ ಅದರ ಬೀಜಕಣಗಳು ಬೇಯಿಸಿದರೂ ಸಾಯಲ್ಲ, ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಅಂದರೆ "ಬಿಸಿ ಮಾಡ್ಕೊಳ್ಳಿ" ಅನ್ನೋ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ಹೊರಗಿಂದ ತರಿಸುವವರು ಒಂದೊಂದು ಹೊತ್ತಿಗೆ ಬೇರೆಬೇರೆ ತರಿಸಿ, ಅನ್ನ ಉಳಿದರೆ ಬೇಗ ಫ್ರಿಜ್ಜಿಗೆ ಹಾಕಿ. ಫ್ರಿಜ್ ಹಾಲಿಗೆ ಬಂದಿರುತ್ತೆ ನಿಜ, ಆದರೆ ಅದಕ್ಕೊಂದು ಪ್ಲಗ್ ಇರಲೇಬೇಕು. ನಮ್ಮ ಮನೆಯಲ್ಲಿ ಡ್ರಿಲ್ಲಿಂಗ್ ಹುಡುಗ ಅದನ್ನೂ ಕಿತ್ತು ತನ್ನ ಮೆಷಿನ್ ಹಾಕಿಕೊಳ್ಳುತ್ತಿದ್ದ!

ಆಮೇಲೆ ನಾನು ಜಗಳ ಮಾಡಿ ಯುಟಿಲಿಟಿ ಖಾಲಿ ಮಾಡಿಸಿದೆ. ಟೈಲ್ಸ್, ಗ್ರಾನೈಟ್ ಕತ್ತರಿಸೋದನ್ನು ಕೆಳಗೆ ಪಾರ್ಕಿಂಗಿಗೆ ಕಳಿಸಿ, ನೀರು ಹಾಕಿಕೊಂಡೇ ಕತ್ತರಿಸಿ ಅಂದೆ. ಆ ಧೂಳು ಊಟಕ್ಕೂ ಕೆಟ್ಟದ್ದು, ಉಸಿರಿಗಂತೂ ಇನ್ನೂ ಕೆಟ್ಟದ್ದು. ಅಲ್ಲಿಂದ ಒಂದು ಇಂಡಕ್ಷನ್, ಒಂದು ಕುಕ್ಕರ್, ಒಂದು ಪಾತ್ರೆಯಲ್ಲೇ ಸಂಸಾರ ನಡೆಯಿತು. ಖಾರಾಪೊಂಗಲ್, ಬಿಸಿಬೇಳೆಬಾತ್, ತಿಳಿಸಾರು ಅನ್ನ. ಅಕ್ಕ ಊರಿಂದ ಕಳಿಸಿದ ಸಾರಿನಪುಡಿ, ಪುಳಿಯೋಗರೆ ಗೊಜ್ಜು ಕೈ ಹಿಡಿದವು. ಒಲೆ ಹಚ್ಚೋಕೆ ಬೇಜಾರಾದ ದಿನ ಮೊಸರವಲಕ್ಕಿ ಇಲ್ಲಾಂದ್ರೆ ಹುರಿಹಿಟ್ಟು. ಮಾವನ ಶುಗರ್ ಕೂಡ ಹತೋಟಿಗೆ ಬಂತು.

ನಿಮ್ಮ ಅಗ್ರಿಮೆಂಟಲ್ಲಿ ಇದನ್ನು ಬರೆಸಿ: ಯುಟಿಲಿಟಿ ನಮ್ಮದು, ಅಲ್ಲಿ ಒಂದು ಮೂಟೆಯೂ ಇಡಬಾರದು. ಹಳೇ ಸಿಂಕ್ ಕೀಳುವ ಮುಂಚೆ ವಾಟರ್ ಫಿಲ್ಟರ್ ಅಲ್ಲಿಗೆ ಬದಲಾಯಿಸಿಕೊಡಬೇಕು. ಕೊನೆ ಕಂತು ಹೊಸ ಸಿಂಕಲ್ಲಿ ನೀರು ಬಂದು, ಸ್ಟವ್ ಹತ್ತಿದ ಮೇಲೇ. ಮೆಸ್ಸಿನವರಿಗೆ ತಿಂಗಳ ದುಡ್ಡು ಒಟ್ಟಿಗೆ ಕೊಡಬೇಡಿ, ವಾರವಾರ ಕೊಡಿ. ನಾವು ಕೊಟ್ಟ ದುಡ್ಡಲ್ಲಿ ಉಳಿದದ್ದನ್ನು ಕೇಳಿದರೆ "ಎಲ್ಲರೂ ಹಾಗೇ ತಿಂತಾರಮ್ಮಾ, ನಿಮಗೊಬ್ಬರಿಗೇ ಆಯ್ತಾ?" ಅಂದವರು ಇವತ್ತಿಗೂ ವಾಪಸ್ ಕೊಟ್ಟಿಲ್ಲ.